ಶಾಲಾಪೂರ್ವ ಶಿಕ್ಷಣದಲ್ಲಿ ಕೈತೋಟ

ಶಾಲಾಪೂರ್ವ ಶಿಕ್ಷಣದಲ್ಲಿ ಕೈತೋಟ ಎಂಬುದು ಮೂರರಿಂದ ಆರು ವರ್ಷದ ಮಕ್ಕಳಿಗೆ ಬೀಜ, ಮಣ್ಣು, ನೀರು ಮತ್ತು ಸಸಿಗಳನ್ನು ಆಟದ ಸಾಮಗ್ರಿಗಳಾಗಿ ಒದಗಿಸಿ, ಅವುಗಳ ಮೂಲಕ ಸಸ್ಯಜೀವನವನ್ನು ಪರಿಚಯಿಸುವ ಬೋಧನಾ ಕ್ರಮವಾಗಿದೆ. ಶಿಶುವಿಹಾರ, ಅಂಗನವಾಡಿ ಹಾಗೂ ಮನೆಗಳಲ್ಲಿ ಇದನ್ನು ಅನುಸರಿಸಬಹುದು. ಮಗು ತಾನೇ ಮುಟ್ಟಿ, ಬಿತ್ತಿ, ಕಾದು ನೋಡುವುದಕ್ಕೆ ಇದರಲ್ಲಿ ಪ್ರಾಧಾನ್ಯವಿದೆ.

ಹಿನ್ನೆಲೆ

ಜರ್ಮನಿಯ ಶಿಕ್ಷಣತಜ್ಞ ಫ್ರೆಡ್ರಿಕ್ ಫ್ರೋಬೆಲ್ (1782–1852) ಅವರು 1837ರಲ್ಲಿ ತುರಿಂಗಿಯಾ ಪ್ರದೇಶದ ಬ್ಲಾಂಕೆನ್‌ಬುರ್ಗ್ ಊರಿನಲ್ಲಿ ಎಳೆಯ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದರು. 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’ ಎಂಬ ಹೆಸರನ್ನಿತ್ತರು. ಈ ಪದಕ್ಕೆ ‘ಮಕ್ಕಳ ತೋಟ’ ಎಂದರ್ಥ. ಫ್ರೋಬೆಲ್ ಅವರ ಯೋಜನೆಯಲ್ಲಿ ನಿಜವಾದ ತೋಟವೂ ಇತ್ತು. ಪ್ರತಿ ಮಗುವಿಗೂ ಒಂದೊಂದು ಪುಟ್ಟ ಪಾತಿ, ಅದರ ಜೊತೆಗೆ ಎಲ್ಲರೂ ಕೂಡಿ ನೋಡಿಕೊಳ್ಳಬೇಕಾದ ಸಾಮಾನ್ಯ ಪಾತಿಗಳು ಅಲ್ಲಿದ್ದವು. ಪ್ರಷ್ಯಾ ಸರ್ಕಾರವು 1851ರಲ್ಲಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿ, 1860ರಲ್ಲಿ ಆ ನಿಷೇಧವನ್ನು ತೆರವುಗೊಳಿಸಿತು. 1907ರಲ್ಲಿ ರೋಮ್ ನಗರದಲ್ಲಿ ಮೊದಲ ‘ಮಕ್ಕಳ ಮನೆ’ಯನ್ನು ಆರಂಭಿಸಿದ ಮಾರಿಯಾ ಮಾಂಟೆಸ್ಸೋರಿ ಅವರೂ ಗಿಡಗಳ ಆರೈಕೆಗೆ ತಮ್ಮ ಪದ್ಧತಿಯಲ್ಲಿ ಸ್ಥಾನ ಕೊಟ್ಟರು. ಇಂದು ಊರೂರಿನಲ್ಲಿ ಕಿಂಡರ್‌ಗಾರ್ಟನ್ ಎಂಬ ಫಲಕ ಕಾಣುತ್ತದೆಯಾದರೂ ಅನೇಕ ಕಡೆ ಅಂಗಳಕ್ಕೆ ಸಿಮೆಂಟು ಹಾಕಿರುವುದರಿಂದ ಆ ಹೆಸರಿನ ಅರ್ಥ ಮರೆಯಾಗಿದೆ.

ಬೀಜಗಳ ಆಯ್ಕೆ

ಎಳೆಯ ಮಕ್ಕಳ ತಾಳ್ಮೆ ಚಿಕ್ಕದು. ಆದ್ದರಿಂದ ಬೇಗ ಮೊಳೆಯುವ, ಕೈಯಲ್ಲಿ ಹಿಡಿಯಲು ಬರುವ ಬೀಜಗಳು ಸೂಕ್ತ. ರಾತ್ರಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಹೆಸರುಕಾಳು ಒಂದೆರಡು ದಿನಗಳಲ್ಲಿ ಮೊಳಕೆಯೊಡೆಯುತ್ತದೆ. ಮೆಂತ್ಯವನ್ನು ಬಿತ್ತಿದರೆ ಮೂರು ನಾಲ್ಕು ವಾರಗಳಲ್ಲಿ ಸೊಪ್ಪು ಕೀಳಬಹುದು. ಕೊತ್ತಂಬರಿ, ಮೆಣಸಿನಕಾಯಿಗಳು ಮೊಳೆಯಲು ಒಂದು ವಾರಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳುವುದರಿಂದ ಮೊದಲ ಬಿತ್ತನೆಗೆ ಒಗ್ಗುವುದಿಲ್ಲ. ಅಷ್ಟರಲ್ಲಿ ಮಗು ತಾನು ಬಿತ್ತಿದ್ದನ್ನೇ ಮರೆತಿರುತ್ತದೆ.

ಬಿತ್ತುವ ಮುನ್ನ ಬೀಜಗಳೊಡನೆ ಒಂದೆರಡು ದಿನ ಆಡುವುದು ಒಳ್ಳೆಯದು. ಅವರೆ, ಅಲಸಂದೆ, ಕಡಲೆ, ಹುಣಸೆಬೀಜಗಳನ್ನು ಬೆರೆಸಿಟ್ಟು ಬಣ್ಣ, ಗಾತ್ರ, ನುಣುಪುಗಳ ಪ್ರಕಾರ ಬೇರ್ಪಡಿಸಲು ಹೇಳಬಹುದು. ಕಾಳು ಬೀಜವೂ ಹೌದು, ಅಡುಗೆಯ ಪದಾರ್ಥವೂ ಹೌದು ಎಂಬ ಅರಿವು ಹೆಚ್ಚಿನ ಮಕ್ಕಳಿಗೆ ಇಲ್ಲಿಯೇ ಮೊದಲು ಉಂಟಾಗುತ್ತದೆ. ಬೇಯಿಸಿದ ಅವರೆ ಕಾಳನ್ನೂ ಹಸಿಯದನ್ನೂ ಅಕ್ಕಪಕ್ಕದಲ್ಲಿ ಬಿತ್ತಿದರೆ, ಒಂದು ಏಳುತ್ತದೆ, ಇನ್ನೊಂದು ಕೊಳೆಯುತ್ತದೆ. ಬೀಜದೊಳಗೆ ಜೀವವಿದೆ ಎಂಬ ಮಾತನ್ನು ಬಾಯಲ್ಲಿ ಹೇಳಿ ತಿಳಿಸುವುದಕ್ಕಿಂತ ಇದು ಸುಲಭ.

ಬಿತ್ತನೆ ಮತ್ತು ಅವಲೋಕನ

ತೋಟಕ್ಕೆ ಜಾಗವಿಲ್ಲದ ಕಡೆ ತಳಕ್ಕೆ ತೂತು ಮಾಡಿದ ತೆಂಗಿನ ಕರಟಗಳೇ ಸಾಕು. ಮಣ್ಣಿಗೆ ಸ್ವಲ್ಪ ಹಳೆಯ, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಬೇಕು. ಬೆರಳಿನ ಮೊದಲ ಗೆಣ್ಣಿನಷ್ಟು ಆಳದ ಕುಳಿ ಮಾಡಿ ಕಾಳನ್ನಿಟ್ಟು ಮುಚ್ಚಬೇಕು. ಮೆಂತ್ಯದಂತಹ ಸಣ್ಣ ಬೀಜಗಳಿಗೆ ಮೇಲೆ ತೆಳುವಾಗಿ ಮಣ್ಣು ಉದುರಿಸಿದರಾಯಿತು.

ಮಣ್ಣಿನೊಳಗೆ ನಡೆಯುವುದನ್ನು ತೋರಿಸಲು ಪಾರದರ್ಶಕ ಪ್ಲಾಸ್ಟಿಕ್ ಲೋಟದ ಒಳಮೈಗೆ ಒದ್ದೆ ಕಾಗದವನ್ನು ಅಂಟಿಸಿ, ಲೋಟಕ್ಕೂ ಕಾಗದಕ್ಕೂ ನಡುವೆ ಅಲಸಂದೆ ಕಾಳನ್ನು ಸಿಕ್ಕಿಸಿಡುತ್ತಾರೆ. ಕಾಳನ್ನು ಹೇಗೆ ಇಟ್ಟರೂ ಬೇರು ಕೆಳಕ್ಕೇ ಹೋಗುತ್ತದೆ. ಬೇರು ಬಂದ ಮೇಲೆ ಲೋಟವನ್ನು ಅಡ್ಡಲಾಗಿ ಮಲಗಿಸಿದರೆ ಅದು ಬಾಗಿ ಮತ್ತೆ ಕೆಳಮುಖವಾಗುತ್ತದೆ. ಕರಟದಲ್ಲಿ ಅಲಸಂದೆಯು ತನ್ನ ಎರಡು ಬೀಜದಳಗಳನ್ನು ಹೊತ್ತುಕೊಂಡೇ ಮೇಲೇಳುತ್ತದೆ, ಕಡಲೆಯು ಅವುಗಳನ್ನು ಮಣ್ಣಿನೊಳಗೇ ಬಿಟ್ಟುಬರುತ್ತದೆ. ಈ ವ್ಯತ್ಯಾಸವನ್ನು ಮಕ್ಕಳು ಕಂಡುಕೊಳ್ಳುವವರೆಗೆ ಶಿಕ್ಷಕರು ಸುಮ್ಮನಿರುವುದು ಮೇಲು.

ಸಾಮಾನ್ಯ ತೊಡಕುಗಳು

ಅತಿಯಾದ ನೀರೇ ಬಿತ್ತನೆ ಕೆಡಲು ಮುಖ್ಯ ಕಾರಣ. ಹದಿನೈದು ಮಕ್ಕಳು ಸಾಲಾಗಿ ಬಂದು ತಂಬಿಗೆಯಲ್ಲಿ ನೀರು ಸುರಿದರೆ ಯಾವ ಬೀಜವೂ ಕೊಳೆಯದೆ ಉಳಿಯದು. ಮುಚ್ಚಳಕ್ಕೆ ಸಣ್ಣ ತೂತುಗಳನ್ನು ಕೊರೆದ ಬಾಟಲಿಯನ್ನು ಕೊಟ್ಟು, ಮಣ್ಣನ್ನು ಬೆರಳಿನಿಂದ ಮುಟ್ಟಿ ಒಣಗಿದ್ದರೆ ಮಾತ್ರ ಹನಿಸಲು ಕಲಿಸಬೇಕು.

ಎರಡನೆಯದು, ಬಿತ್ತಿದ ಕಾಳನ್ನು ಮಗು ಮರುದಿನವೇ ಅಗೆದು ನೋಡುವುದು. ಇದಕ್ಕೆ ಗದರಿಸುವುದು ಸಲ್ಲದು. ಆ ಕುತೂಹಲಕ್ಕಾಗಿಯೇ ಅಲ್ಲವೆ ಇಷ್ಟೆಲ್ಲ ಸಿದ್ಧತೆ? ಅಗೆದು ನೋಡುವುದಕ್ಕೆಂದೇ ಹತ್ತು ಕಾಳುಗಳನ್ನು ಬೇರೊಂದು ಪಾತಿಯಲ್ಲಿ ಬಿತ್ತಿಟ್ಟರೆ ದಿನಕ್ಕೊಂದರಂತೆ ತೆಗೆದು ಪರೀಕ್ಷಿಸಬಹುದು.

ಒಂದು ಮಗುವಿನ ಕರಟದಲ್ಲಿ ಮಾತ್ರ ಏನೂ ಮೊಳೆಯದಿರುವ ಸಂದರ್ಭ ಹೆಚ್ಚು ಸೂಕ್ಷ್ಮವಾದದ್ದು. ಮಗು ಅಳಬಾರದೆಂದು ಸಂಜೆ ಗುಟ್ಟಾಗಿ ಬೇರೊಂದು ಸಸಿಯನ್ನು ನೆಟ್ಟಿಡುವ ರೂಢಿಯುಂಟು. ಅದರ ಬದಲು ಪ್ರತಿ ಕರಟಕ್ಕೂ ಮೂರು ನಾಲ್ಕು ಕಾಳುಗಳನ್ನು ಹಾಕಿಸುವುದು ಲೇಸು. ಆಗಲೂ ಮೊಳೆಯದಿದ್ದರೆ ಮಗುವಿನೊಡನೆ ಮಣ್ಣನ್ನು ಕೆದಕಿ, ಕಾಳು ಏನಾಗಿದೆ ಎಂದು ನೋಡಿ, ಪುನಃ ಬಿತ್ತಿಸಬೇಕು. ಹಿರಿಯರು ಸಸಿ ಬದಲಾಯಿಸಿದ್ದನ್ನು ಮಕ್ಕಳು ಬಹುಮಟ್ಟಿಗೆ ಗುರುತಿಸಿಬಿಡುತ್ತಾರೆ.

ಕರ್ನಾಟಕದಲ್ಲಿ

ಜೂನ್ ತಿಂಗಳಲ್ಲಿ ಶಾಲೆಗಳ ಆರಂಭವೂ ಮುಂಗಾರಿನ ಆರಂಭವೂ ಒಟ್ಟಿಗೇ ಬರುವುದು ಈ ಚಟುವಟಿಕೆಗೆ ಅನುಕೂಲ. ನವರಾತ್ರಿಯಲ್ಲಿ ಘಟ ಸ್ಥಾಪಿಸಿ ಧಾನ್ಯಗಳನ್ನು ಮೊಳೆಯಿಸುವ ಆಚರಣೆ, ಮದುವೆಗಳಲ್ಲಿ ನವಧಾನ್ಯಗಳ ಅಂಕುರಾರ್ಪಣ, ಬೀಜಗಳಿಂದ ಆಡುವ ಚೆನ್ನೆಮಣೆ ಮುಂತಾದವು ಮಕ್ಕಳಿಗೆ ಮನೆಯಲ್ಲೇ ದೊರೆಯುವ ಪೂರ್ವಪರಿಚಯಗಳು. ಅಂಗನವಾಡಿಗಳ ಆವರಣದಲ್ಲಿ ಪೌಷ್ಟಿಕ ಕೈತೋಟಗಳನ್ನು ಬೆಳೆಸಲು ಉತ್ತೇಜನವಿದೆ. ಆದರೆ ಕೈತೋಟ ಇದ್ದ ಮಾತ್ರಕ್ಕೆ ಮಕ್ಕಳು ಅದರಲ್ಲಿ ಕೈಯಾಡಿಸುತ್ತಾರೆಂದು ಹೇಳುವಂತಿಲ್ಲ. ಬೇಲಿಯ ಹೊರಗೆ ನಿಂತು ನೋಡುವ ತೋಟ ಈ ಲೇಖನದ ವಿಷಯಕ್ಕೆ ಸೇರುವುದಿಲ್ಲ.

ಎಚ್ಚರಿಕೆಗಳು

ಮಕ್ಕಳು ಬೀಜಗಳನ್ನು ಬಾಯಿ, ಮೂಗು, ಕಿವಿಗಳಿಗೆ ಹಾಕಿಕೊಳ್ಳುವುದುಂಟು. ಆದ್ದರಿಂದ ಹಿರಿಯರೊಬ್ಬರು ಸದಾ ಜೊತೆಗಿರಬೇಕು, ಕೊಟ್ಟ ಕಾಳುಗಳನ್ನು ಎಣಿಸಿ ಹಿಂಪಡೆಯಬೇಕು. ಅಂಗಡಿಯ ಬಿತ್ತನೆ ಬೀಜಗಳಿಗೆ ಔಷಧ ಲೇಪಿಸಿರುವ ಸಾಧ್ಯತೆಯಿದೆ. ಅಸಹಜ ಬಣ್ಣದ ಬೀಜಗಳನ್ನು ಮಕ್ಕಳ ಕೈಗೆ ಕೊಡದೆ ಅಡುಗೆಮನೆಯ ಕಾಳುಗಳನ್ನೇ ಬಳಸಬೇಕು. ಹರಳು, ದತ್ತೂರಿ, ಕಣಗಿಲೆ ಮತ್ತು ಗುಲಗಂಜಿಗಳು ವಿಷಯುಕ್ತವಾದವು. ಇವುಗಳಲ್ಲಿ ಗುಲಗಂಜಿಯು ಕೆಂಪು ಮೈ, ಕಪ್ಪು ಮಚ್ಚೆಗಳಿಂದ ಮಕ್ಕಳನ್ನು ಬಹಳವಾಗಿ ಸೆಳೆಯುತ್ತದೆ. ಅದನ್ನು ಅಗಿದರೆ ಅಥವಾ ಅದರ ಸಿಪ್ಪೆ ಒಡೆದಿದ್ದರೆ ಪ್ರಾಣಾಪಾಯವಾಗಬಹುದು. ನುಂಗಿದ ಸಂಶಯ ಬಂದರೂ, ಮಗು ಆರೋಗ್ಯವಾಗಿಯೇ ಕಂಡರೂ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು ಮತ್ತು ಸಿಕ್ಕಿದರೆ ಅದೇ ಬೀಜದ ಮಾದರಿಯನ್ನು ವೈದ್ಯರಿಗೆ ತೋರಿಸಬೇಕು.