ಗೀಜಗನ ಗೂಡಿನ ಕೆಳಗೆ ಗ್ರಾಮರ್

ಮಂಡ್ಯದ ಕಡೆ ನಾಟಿ ಮುಗಿದು ಪೈರು ಮೊಣಕಾಲುದ್ದ ಬರುವ ಹೊತ್ತಿಗೆ ಕೆರೆ ಏರಿಯ ಈಚಲು ಮರಗಳಲ್ಲಿ ಗೀಜಗಗಳ ಗಲಾಟೆ ಶುರುವಾಗಿರುತ್ತದೆ. ಅಲ್ಲಿಯವರೆಗೆ ಗುಬ್ಬಚ್ಚಿಗೂ ಇದಕ್ಕೂ ವ್ಯತ್ಯಾಸವೇ ತಿಳಿಯದಂತಿದ್ದ ಗಂಡಿಗೆ ಈಗ ನೆತ್ತಿಯಲ್ಲಿ ಹೊಳೆಯುವ ಹಳದಿ, ಕೆನ್ನೆಯಲ್ಲಿ ಕಡುಗಂದು. ಹೆಣ್ಣಿನ ಬಣ್ಣ ಬದಲಾಗುವುದಿಲ್ಲ. ಗಂಡು ಗದ್ದೆಗಿಳಿದು ಭತ್ತದ ಎಲೆಯ ಅಂಚನ್ನು ಕೊಕ್ಕಿನಿಂದ ಕತ್ತರಿಸಿ ಹಿಡಿದು, ಹಾರುತ್ತಲೇ ಉದ್ದಕ್ಕೆ ಎಳೆ ಸೀಳಿಕೊಂಡು ಮರಕ್ಕೆ ವಾಪಸಾಗುತ್ತದೆ. ಒಂದೊಂದು ಎಳೆ 20ರಿಂದ 60 ಸೆಂಟಿಮೀಟರ್. ಒಂದು ಗೂಡಿಗೆ ಇಂಥ 500 ಓಡಾಟಗಳವರೆಗೂ ಬೇಕಾಗಬಹುದು.

ಶನಿವಾರದ ಬೆಳಗಿನ ಶಾಲೆ ಬಿಟ್ಟ ಮೇಲೆ ಏಳನೇ ತರಗತಿಯ ಕೆಲವು ಮಕ್ಕಳು ನನ್ನ ಜೊತೆ ಈ ಮರಗಳಿಂದ ತುಸು ದೂರ ಕೂರುತ್ತಾರೆ. ಎಲ್ಲರೂ ಸರ್ಕಾರಿ ಶಾಲೆಯವರು, ಮನೆಯಲ್ಲಿ ಕನ್ನಡವೇ. ಕೈಯಲ್ಲೊಂದು ನೋಟ್‌ಬುಕ್. ಎಡಗಡೆ ಪುಟಕ್ಕೆ ಈಗ ಕಣ್ಣೆದುರು ನಡೆಯುತ್ತಿರುವುದು, ಬಲಗಡೆ ಪುಟಕ್ಕೆ ಗೀಜಗ ಯಾವಾಗಲೂ ಮಾಡುವಂಥದ್ದು. ಎರಡನ್ನೂ ಇಂಗ್ಲಿಷಿನಲ್ಲಿ ಬರೆಯಬೇಕು. ಹಕ್ಕಿ ನೋಡುವವರಿಗೆ ಇದು ಮೊದಲ ಶಿಸ್ತು. ಇವತ್ತು ಒಂದು ಹಕ್ಕಿ ಮಾಡಿದ್ದನ್ನು ಆ ಜಾತಿಯ ಸ್ವಭಾವವೆಂದು ಬರೆದುಬಿಡಬಾರದು. ಇಂಗ್ಲಿಷ್ ಗ್ರಾಮರ್ ಹೊಸಬರಿಂದ ಮೊದಲಿಗೆ ಕೇಳುವ ಭೇದವೂ ಇದೇ. ಎಡಗಡೆ ಪ್ರೆಸೆಂಟ್ ಕಂಟಿನ್ಯುಯಸ್, ಬಲಗಡೆ ಸಿಂಪಲ್ ಪ್ರೆಸೆಂಟ್. ಈ ಹೆಸರುಗಳನ್ನು ನಾನು ಮಕ್ಕಳಿಗೆ ಹೇಳುವುದು ಬಹಳ ತಡವಾಗಿ.

ಎಡಗಡೆ ಪುಟ ಬೇಗ ತುಂಬುತ್ತದೆ. 'ಬರ್ಡ್ ಈಸ್ ಕಮಿಂಗ್', 'ಬರ್ಡ್ ಈಸ್ ಕಟಿಂಗ್ ಲೀಫ್'. 'ಬರ್ತಾ ಇದೆ', 'ಕಟ್ತಾ ಇದೆ' ಎಂದು ದಿನವಿಡೀ ಆಡುವ ಬಾಯಿಗೆ 'ಇಂಗ್' ತೊಡಕೆನಿಸುವುದಿಲ್ಲ. ತೊಡಕಿರುವುದು ಬಲಗಡೆ ಪುಟದಲ್ಲಿ. ಅಲ್ಲಿ ಎರಡು ಬಗೆಯ ವಾಕ್ಯಗಳು ಸಿಗುತ್ತವೆ. ಕೆಲವರು 'ಇಂಗ್' ಅನ್ನೇ ಅಲ್ಲಿಗೂ ಎಳೆದು ತರುತ್ತಾರೆ: 'ಡೈಲಿ ಇಟ್ ಈಸ್ ಈಟಿಂಗ್ ಪ್ಯಾಡಿ'. ಇನ್ನು ಕೆಲವರದು 'ಡೈಲಿ ಇಟ್ ವಿಲ್ ಈಟ್ ಪ್ಯಾಡಿ'. ಎರಡನೆಯದರ ಜಾಡು ಹಿಡಿಯುವುದು ಸುಲಭ. 'ದಿನಾ ಬರುತ್ತೆ', 'ನಾಳೆ ಬರುತ್ತೆ' ಎರಡಕ್ಕೂ ನಮ್ಮ ಮಾತಿನಲ್ಲಿ ಒಂದೇ ರೂಪ. ರೂಢಿಗೂ ಮುಂದಿನದಕ್ಕೂ ಒಂದೇ ಕ್ರಿಯಾಪದ ಸಾಕಾಗುವ ಭಾಷೆಯಿಂದ ಬಂದ ಮಗು 'ವಿಲ್' ಅನ್ನು ಎರಡಕ್ಕೂ ಹಚ್ಚುವುದರಲ್ಲಿ ಒಳ್ಳೆಯ ತರ್ಕವಿದೆ. ಹಾಗೆಯೇ 'ಇಟ್ ಯೆಲ್ಲೋ' ಎಂಬ ವಾಕ್ಯ. 'ಅದು ಹಳದಿ' ಎನ್ನುವಾಗ ಕನ್ನಡಕ್ಕೆ 'ಈಸ್' ಬೇಕಾಗುವುದೇ ಇಲ್ಲ.

ಒಬ್ಬ ಹುಡುಗಿಯ ಪುಟ ನನ್ನ ಮುಂದಿದೆ. ಪೆನ್ಸಿಲಿನಲ್ಲಿ ಸೋರೆಬುರುಡೆಯಂಥ ಗೂಡಿನ ಚಿತ್ರ, ಪಕ್ಕದಲ್ಲಿ ಮೂರು ವಾಕ್ಯ. 'ಮೇಲ್ ಬಿಲ್ಡ್ ನೆಸ್ಟ್. ಫೀಮೇಲ್ ಸೀ ನೆಸ್ಟ್. ನೆಸ್ಟ್ ಈಸ್ ಹ್ಯಾಂಗಿಂಗ್ ಟು ಲೀಫ್.' ಕೊನೆಯ ವಾಕ್ಯದ 'ಟು' ಬಂದದ್ದು 'ಗರಿಗೆ ನೇತಾಡ್ತಾ ಇದೆ' ಎಂಬುದರ 'ಗೆ'ಯಿಂದ. ಇಂಗ್ಲಿಷಿಗೆ ಅಲ್ಲಿ 'ಫ್ರಮ್' ಬೇಕು. ನಾನು ತಿದ್ದಲಿಲ್ಲ. ಗೂಡಿನ ತೊಟ್ಟು ಎಲ್ಲಿಂದ ಶುರುವಾಗುತ್ತದೆ ನೋಡು ಅಂದೆ. ಅವಳು ಬೈನಾಕ್ಯುಲರ್‌ನಲ್ಲಿ ನೋಡಿ, ಗರಿಯ ತುದಿಗೆ ಸುತ್ತಿದ ಎಳೆಗಳಿಂದ ಗೂಡು ಕೆಳಮುಖವಾಗಿ ಬೆಳೆದಿರುವುದನ್ನು ಗುರುತಿಸಿ, 'ಗರಿಯಿಂದ ಇಳಿದಿದೆ ಸಾರ್' ಅಂದಳು. 'ಫ್ರಮ್' ಕೂರುವುದಕ್ಕೆ ಅಷ್ಟು ಸಾಕಾಯಿತು.

ಆದರೆ 'ಬಿಲ್ಡ್' ಮುಂದಿನ 'ಸ್' ಅಷ್ಟು ಸಲೀಸಾಗಿ ಬರುವುದಿಲ್ಲ. ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಬದಲಾಗುವುದು ನಮ್ಮ ಮಕ್ಕಳಿಗೆ ಹೊಸದೇನಲ್ಲ. ಕಟ್ಟುತ್ತೇನೆ, ಕಟ್ಟುತ್ತಾಳೆ, ಕಟ್ಟುತ್ತದೆ, ಕಟ್ಟುತ್ತವೆ ಎಂದು ಮೂರು ವರ್ಷಕ್ಕೇ ಆಡುತ್ತಾರೆ. ಇಂಗ್ಲಿಷಿನಲ್ಲಿ ಇಷ್ಟೆಲ್ಲ ಉದುರಿಹೋಗಿ ಒಂದೇ ಒಂದು 'ಸ್' ಉಳಿದಿದೆ. ಅದು ಇಲ್ಲದಿದ್ದರೂ ಅರ್ಥ ಕೆಡುವುದಿಲ್ಲ, ಕಿವಿಗೆ ಸರಿಯಾಗಿ ಬೀಳುವುದೂ ಇಲ್ಲ. ಮೇಲಾಗಿ ಅದೇ 'ಸ್' ನಾಮಪದಕ್ಕೆ ಹತ್ತಿದರೆ ಬಹುವಚನ. 'ಬರ್ಡ್ ಸಿಂಗ್ಸ್' ಎನ್ನಬೇಕು, 'ಬರ್ಡ್ಸ್ ಸಿಂಗ್' ಎನ್ನಬೇಕು.

ಇಂಗ್ಲಿಷ್ ಮನೆಮಾತಾದ ಮಕ್ಕಳಿಗೂ ಇದು ತಡವಾಗಿಯೇ ಬರುತ್ತದೆ. ರೋಜರ್ ಬ್ರೌನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮೂರು ಮಕ್ಕಳ ಮಾತನ್ನು ವರ್ಷಗಟ್ಟಲೆ ದಾಖಲಿಸಿ 1973ರಲ್ಲಿ ಪುಸ್ತಕ ತಂದರು. 14 ವ್ಯಾಕರಣಾಂಶಗಳು ಯಾವ ಕ್ರಮದಲ್ಲಿ ಮೊಳೆಯುತ್ತವೆ ಎಂಬುದನ್ನು ಅವರು ಗುರುತಿಸಿದ್ದು ಆಡಿದ ಮಾತನ್ನು ಕೇಳಿ ಬರೆದಿಟ್ಟುಕೊಂಡೇ. ಮೊದಲು 'ಇಂಗ್', ಆಮೇಲೆ 'ಇನ್' ಮತ್ತು 'ಆನ್', ಬಹುವಚನದ 'ಸ್'. ಕ್ರಿಯಾಪದದ 'ಸ್' ಬರುವುದು ಬಹಳ ತಡವಾಗಿ. ಮರುವರ್ಷ ಡುಲೇ ಮತ್ತು ಬರ್ಟ್ ಎಂಬಿಬ್ಬರು ಸ್ಪ್ಯಾನಿಷ್ ಮತ್ತು ಚೀನೀ ಮನೆಮಾತಿನ ಮಕ್ಕಳು ಇಂಗ್ಲಿಷ್ ಕಲಿಯುವುದನ್ನು ಹೋಲಿಸಿ ನೋಡಿದಾಗ, ಎರಡೂ ಗುಂಪಿನಲ್ಲಿ ಕ್ರಮ ಹೆಚ್ಚುಕಡಿಮೆ ಒಂದೇ ಇತ್ತು. ಅಲ್ಲಿಯೂ ಈ 'ಸ್' ಹಿಂದೆಯೇ. ಇದನ್ನು ತಿಳಿದ ಮೇಲೆ ಏಳನೇ ತರಗತಿಯ ಕಾಪಿಯಲ್ಲಿ 'ಮೇಲ್ ಬಿಲ್ಡ್' ಕಂಡರೆ ಕೆಂಪು ಶಾಯಿ ಹಾಕುವ ಅವಸರ ನನಗೆ ಬರುವುದಿಲ್ಲ. ಅದು ಯಾವ ತಿಂಗಳು ತಲೆ ತೋರುತ್ತದೆ ಎಂದು ಬರೆದಿಟ್ಟುಕೊಳ್ಳುವುದು ಹೆಚ್ಚು ಉಪಯೋಗದ ಕೆಲಸ.

ಹಕ್ಕಿಯ ನೆಪದಲ್ಲಿ ಗ್ರಾಮರ್ ಪರೀಕ್ಷಿಸಿದವರು ಹಿಂದೆಯೂ ಇದ್ದರು. ಜೀನ್ ಬರ್ಕೋ 1958ರಲ್ಲಿ ಹಕ್ಕಿಯಂಥದೊಂದು ಕಾಲ್ಪನಿಕ ಪ್ರಾಣಿಯ ಚಿತ್ರ ತೋರಿಸಿ, ಇದು 'ವಗ್', ಈಗ ಇಂಥವು ಎರಡಿವೆ, ಏನನ್ನಬೇಕು ಎಂದು ಪುಟ್ಟ ಮಕ್ಕಳನ್ನು ಕೇಳಿದರು. ಎಂದೂ ಕೇಳದ ಪದಕ್ಕೆ ಹೆಚ್ಚಿನ ಮಕ್ಕಳು ಸರಿಯಾದ ಬಹುವಚನವನ್ನೇ ಹಚ್ಚಿದರು. ಕೇಳಿದ್ದನ್ನು ಬರೀ ಒಪ್ಪಿಸುವ ಮಗುವಿನಿಂದ ಇದಾಗುವುದಿಲ್ಲ. ಒಳಗೆ ನಿಯಮವೊಂದು ಬೆಳೆದಿರಲೇಬೇಕು.

ಆರ್ಟಿಕಲ್‌ಗಳ ವಿಷಯದಲ್ಲಿ ಮರದ ಕೆಳಗಿನ ಪಾಠಕ್ಕೆ ಸಮನಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಯಾವುದೋ ಒಂದು ಗಂಡು ಹಾರಿಬಂದು ಕೂರುತ್ತದೆ. 'ಎ ಮೇಲ್.' ಕಣ್ಣು ಅದರ ಮೇಲೆಯೇ ಇರುವಾಗ ಅದು ಗದ್ದೆಗೆ ಹೋಗಿ ಬರುತ್ತದೆ. ಈಗ ಅದು 'ದ ಮೇಲ್'. ನಡುವೆ ಇನ್ನೊಂದು ಬಂದು ಅದರ ಗೂಡಿನಿಂದಲೇ ಎಳೆ ಕದ್ದಾಗ ಮಕ್ಕಳಿಗೆ ನಿಜವಾದ ಇಕ್ಕಟ್ಟು. ಕದ್ದದ್ದು ಯಾವುದು, ಕಳೆದುಕೊಂಡದ್ದು ಯಾವುದು? ಎರಡಕ್ಕೂ 'ಬರ್ಡ್' ಅಂದರೆ ಕಥೆಯೇ ತಿಳಿಯುವುದಿಲ್ಲ. 'ಅನದರ್ ಮೇಲ್ ಈಸ್ ಟೇಕಿಂಗ್ ಗ್ರಾಸ್ ಫ್ರಮ್ ದ ನೆಸ್ಟ್' ಎಂದು ಒಬ್ಬ ಬರೆದ. ಬಿಟ್ಟ ಸ್ಥಳ ತುಂಬುವ ಅಭ್ಯಾಸಗಳಲ್ಲಿ ಅವನ ಆರ್ಟಿಕಲ್‌ಗಳು ಇನ್ನೂ ಅಡ್ಡಾದಿಡ್ಡಿ. ಇಲ್ಲಿ ಕಳ್ಳನನ್ನು ತೋರಿಸಿಕೊಡಬೇಕಿತ್ತು, ಅದಕ್ಕೇ ಸರಿಯಾಗಿ ಬಿತ್ತು.

ಇದಕ್ಕೆ ನಮ್ಮ ನಾಡಿನಲ್ಲೇ ಒಂದು ದೊಡ್ಡ ಪ್ರಯೋಗದ ಬಲವಿದೆ. ಎನ್.ಎಸ್. ಪ್ರಭು ಮತ್ತು ಅವರ ಸಂಗಡಿಗರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ್ದು ಜಗತ್ತಿನಾದ್ಯಂತ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾಗಿದೆ. ಅಲ್ಲಿ ಗ್ರಾಮರ್ ಪಾಠ ಇರಲಿಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ ಮುಂತಾದವನ್ನಿಟ್ಟುಕೊಂಡು ಮಕ್ಕಳು ಇಂಗ್ಲಿಷಿನಲ್ಲಿ ಲೆಕ್ಕ ಬಿಡಿಸಬೇಕಿತ್ತು. ಗಮನವೆಲ್ಲ ಅರ್ಥದ ಮೇಲಿದ್ದಾಗ ರೂಪ ತಾನಾಗಿ ಕೂಡಿಬರುತ್ತದೆ ಎಂಬುದು ಪ್ರಭು ಅವರ ನಂಬಿಕೆ. ನಾನು ಅವರಷ್ಟು ದೂರ ಹೋಗುವುದಿಲ್ಲ. ಮರದಿಂದ ಎದ್ದು ಬಂದ ಮೇಲೆ ಆ ದಿನ ಬರೆದ ವಾಕ್ಯಗಳಲ್ಲೇ ಒಂದನ್ನು ಹಿಡಿದು 'ಐ ಬಿಲ್ಡ್, ಶೀ ಬಿಲ್ಡ್ಸ್, ದೇ ಬಿಲ್ಡ್' ಎಂದು ಸ್ವಲ್ಪ ಹೊತ್ತು ಬಾಯಿಪಾಠ ಮಾಡಿಸುತ್ತೇನೆ. ನೋಡಿದ್ದಕ್ಕೆ ಅಂಟಿಕೊಂಡ ಬಾಯಿಪಾಠ ಉಳಿಯುತ್ತದೆ. ಬರೀ ಬಾಯಿಪಾಠ ಪರೀಕ್ಷೆ ಮುಗಿಯುವವರೆಗೂ ಇದ್ದರೆ ಹೆಚ್ಚು.

ಗೂಡು ಅರ್ಧವಾದಾಗ ಹೆಲ್ಮೆಟ್ಟಿನ ಆಕಾರಕ್ಕೆ ಬಂದಿರುತ್ತದೆ. ಇಷ್ಟಕ್ಕೆ ಸುಮಾರು 8 ದಿನ, ಪೂರ್ತಿಗೆ 18 ದಿನ. ಈ ಹಂತದಲ್ಲೇ ಗಂಡು ರೆಕ್ಕೆ ಬಡಿದು ಹೆಣ್ಣನ್ನು ಕರೆಯುವುದು. ಹೆಣ್ಣು ಬಂದು ಒಳಗೆ ತೂರಿ, ಎಳೆಗಳನ್ನು ಎಳೆದು ನೋಡಿ, ಮನಸ್ಸಿಗೆ ಬಂದರೆ ಉಳಿಯುತ್ತದೆ. ಪಕ್ಷಿತಜ್ಞ ಸಲೀಂ ಅಲಿ 1930ರಲ್ಲಿ ಕಿಹೀಮ್ ಎಂಬ ಊರಿನಲ್ಲಿ ಕೂತು ಇದನ್ನೆಲ್ಲ ನೋಡಿ ಬರೆದದ್ದು ಇಂದಿಗೂ ಓದಬೇಕಾದ್ದು. ಒಂದೇ ಗಂಡು ಒಂದರ ಮೇಲೊಂದು ಗೂಡು ಕಟ್ಟಿ ಒಂದಕ್ಕಿಂತ ಹೆಚ್ಚು ಹೆಣ್ಣುಗಳ ಜೊತೆ ಸಂಸಾರ ಹೂಡುತ್ತದೆಂದು ಅವರು ತೋರಿಸಿಕೊಟ್ಟರು.

ನಮ್ಮ ಮರದಲ್ಲೊಂದು ಹೆಣ್ಣು ಒಳಹೊಕ್ಕು ಕೂಡಲೇ ಹೊರಬಂದು ಹಾರಿಹೋಯಿತು. ಪುಟಗಳ ಮೇಲೆ ಮೂರು ಬಗೆಯ ನಕಾರ ಬಿದ್ದವು. 'ಫೀಮೇಲ್ ನಾಟ್ ಲೈಕ್ ದ ನೆಸ್ಟ್.' 'ಫೀಮೇಲ್ ಡೋಂಟ್ ಲೈಕ್ ದ ನೆಸ್ಟ್.' 'ಫೀಮೇಲ್ ಡಸ್ ನಾಟ್ ಲೈಕ್ಸ್ ದ ನೆಸ್ಟ್.' ಮಾರ್ಕು ಕೊಡುವವರಿಗೆ ಮೂರೂ ತಪ್ಪೇ. ಕಾದು ನೋಡುವವರಿಗೆ ಇವು ಒಂದೇ ದಾರಿಯ ಮೂರು ನಿಲುಗಡೆಗಳು. ಕ್ರಿಯಾಪದದ ಮುಂದೆ ಬರೀ 'ನಾಟ್' ಇಡುವುದು ಬೇರೆ ಬೇರೆ ಮನೆಮಾತಿನ ಕಲಿಯುವವರಲ್ಲೂ ಕಂಡುಬಂದ ಮೊದಲ ಹಂತ. ಕೊನೆಯವಳು 'ಸ್' ಅನ್ನು ಎರಡು ಕಡೆ ಇಟ್ಟಿದ್ದಾಳೆ. ಎಂದರೆ ಅದು ಅವಳಿಗೆ ಬಂದಿದೆ, ಎಲ್ಲಿ ಕೂರಬೇಕೆಂಬುದಷ್ಟೇ ಬಾಕಿ. ಈ ಮೂವರಲ್ಲಿ ಅವಳೇ ಮುಂದಿರುವವಳು. ನಾನು ಅವಳ ಪುಟದಲ್ಲಿ ಗುರುತು ಹಾಕಲಿಲ್ಲ. ಪಕ್ಕದ ಕೊಂಬೆಯ ಗೂಡನ್ನು ತೋರಿಸಿ, 'ಶೀ ಡಸ್ ನಾಟ್ ಲೈಕ್ ದಟ್ ನೆಸ್ಟ್. ಡಸ್ ಶೀ ಲೈಕ್ ದಿಸ್ ನೆಸ್ಟ್?' ಎಂದು ಗಟ್ಟಿಯಾಗಿ ಕೇಳಿದೆ. ಸರಿಯಾದ ವಾಕ್ಯ ಕಿವಿಗೆ ಬೀಳುತ್ತಿರಬೇಕು. ಬಾಯಿಗೆ ಬರುವುದು ಅದರ ಕಾಲಕ್ಕೆ.

ಮಳೆಗಾಲ ಕಳೆದು ಮರಿಗಳು ಹಾರಿದ ಮೇಲೆ ಬರವಣಿಗೆ ಭೂತಕಾಲಕ್ಕೆ ಹೊರಳಿತು. 'ದ ಮೇಲ್ ಬಿಲ್ಟ್ ತ್ರೀ ನೆಸ್ಟ್ಸ್' ಎಂದು ಬರೆಯುತ್ತಿದ್ದವನೇ ಈಗ 'ಬಿಲ್ಡೆಡ್' ಎಂದು ಬರೆಯತೊಡಗಿದ್ದಾನೆ. 'ಎಡ್' ಹಚ್ಚುವ ನಿಯಮ ಹೊಸದಾಗಿ ಕೈಗೆ ಸಿಕ್ಕಿದ್ದರಿಂದ ಹಳೆಯ ಸರಿ ಕೆಲವು ಕಾಲ ಮರೆಗೆ ಸರಿದಿದೆ. ಇಂಗ್ಲಿಷ್ ಮನೆಮಾತಿನ ಮಕ್ಕಳೂ ಈ ಹಂತ ದಾಟಿಯೇ ಬರುತ್ತಾರೆ. ಪ್ರಶ್ನೆಗಳು ಇನ್ನೂ 'ವೇರ್ ದ ಮೇಲ್ಸ್ ವೆಂಟ್?' ಎಂಬಲ್ಲೇ ನಿಂತಿವೆ. 'ಡಿಡ್' ಬಂದಿಲ್ಲ. ಪ್ರಶ್ನೆ ಮಾತ್ರ ಒಳ್ಳೆಯದು. ಗಂಡುಗಳು ಹಳದಿ ಕಳೆದುಕೊಂಡು, ಹೆಣ್ಣುಗಳಂತೆಯೇ ಕಾಣುತ್ತ, ಹಿಂಡು ಸೇರಿ ಕಾಳು ಆರಿಸುತ್ತಿರುತ್ತವೆ. ಬರುವ ಶನಿವಾರ ಕೊಯ್ಲಾದ ಗದ್ದೆಗಳ ಕಡೆ ಹೋಗಿ ಹುಡುಕುವುದೆಂದು ಮಾತಾಗಿದೆ.