ರಕ್ತಕಣದೊಳಗಿನ ಚುಕ್ಕಿ

ಪ್ರಶ್ನೆ: ಸಿಕಲ್ ಸೆಲ್ ಇರುವ ನನ್ನ ತಮ್ಮನ ರಕ್ತಪರೀಕ್ಷೆಯಲ್ಲಿ ‘ಹೋವೆಲ್-ಜಾಲಿ ಬಾಡಿ’ ಎಂದು ಬಂದಿದೆ. ಅದು ಹುಳುವೇ?
– ಓದುಗರು, ಗುಂಡ್ಲುಪೇಟೆ

ಹುಳುವಲ್ಲ. ಕೆಂಪುಕಣ ಬಲಿಯುವಾಗ ತನ್ನ ನ್ಯೂಕ್ಲಿಯಸ್ಸನ್ನು ಹೊರಹಾಕುತ್ತದೆ. ಕೆಲವೊಮ್ಮೆ ಡಿಎನ್‌ಎಯ ಚೂರೊಂದು ಒಳಗೇ ಉಳಿಯುತ್ತದೆ. ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗಸಗಸೆಯಂಥ ದುಂಡನೆಯ ನೇರಳೆ ಚುಕ್ಕಿ, ಸಾಮಾನ್ಯವಾಗಿ ಕಣಕ್ಕೊಂದೇ. ಅದನ್ನು ಕಿತ್ತುಹಾಕಿ ಕಣವನ್ನು ಮುಂದೆ ಬಿಡುವುದು ಗುಲ್ಮದ ಕೆಲಸ. ಸಿಕಲ್ ಸೆಲ್‌ನಲ್ಲಿ ಕುಡುಗೋಲಿನಂತೆ ಬಾಗಿದ ಕಣಗಳು ಗುಲ್ಮದ ಸಣ್ಣ ರಕ್ತನಾಳಗಳಲ್ಲಿ ಮತ್ತೆ ಮತ್ತೆ ಸಿಕ್ಕಿಕೊಂಡು ಅದನ್ನು ಸೊರಗಿಸುತ್ತವೆ. ಚುಕ್ಕಿ ಹಾಗೇ ಉಳಿದುಬಿಡುತ್ತದೆ.

ನಿಮ್ಮ ಗಡಿಯಾಚೆಯ ನೀಲಗಿರಿಯ ಆದಿವಾಸಿಗಳಲ್ಲಿ ಸಿಕಲ್ ಕಣಗಳನ್ನು 1952ರಲ್ಲೇ ಗುರುತಿಸಿದ್ದರು. ಚಾಮರಾಜನಗರದ ಕಾಡಂಚಿನ ಹಾಡಿಗಳಿಗೂ ಈ ಕಾಯಿಲೆ ಹೊಸದಲ್ಲ.

ಗುಲ್ಮ ಸೋತವರಿಗೆ ನ್ಯುಮೋಕಾಕಸ್‌ನಂಥ ಸೋಂಕು ಬಹುಬೇಗ ಏರುತ್ತದೆ. ತಮ್ಮನ ಲಸಿಕೆ ಬಗ್ಗೆ ವೈದ್ಯರನ್ನು ಕೇಳಿ. ಜ್ವರ ಬಂದರೆ ಬೆಳಗಾಗಲೆಂದು ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.