ಕಾಡು ದೇಶದ್ದು, ಎಲ್ಕ್ ಯಾರದ್ದು?

ವಯೋಮಿಂಗ್‌ನ ಬೆಟ್ಟದಲ್ಲಿ ಎಲ್ಕ್ ಒಂದನ್ನು ಹೊಡೆದುರುಳಿಸಿದ ಬೇಟೆಗಾರ ಆ ಜಾಗ ಬಿಟ್ಟು ಕದಲುವ ಮುನ್ನ ಒಂದು ಕೆಲಸ ಮುಗಿಸಲೇಬೇಕು. ಚೀಲದಿಂದ ಲೈಸೆನ್ಸ್ ತೆಗೆದು, ಅದಕ್ಕೆ ಅಂಟಿಕೊಂಡ ಚೀಟಿಯನ್ನು ಬೇರ್ಪಡಿಸಿ, ತಾರೀಖು ಗುರುತು ಮಾಡಿ, ಸಹಿ ಹಾಕಿ, ಸತ್ತ ಪ್ರಾಣಿಯ ಮೈಗೆ ಕಟ್ಟಬೇಕು. ಬೆರಳು ಮರಗಟ್ಟಿಸುವ ಚಳಿಯಿರಲಿ, ಕೈಯೆಲ್ಲ ರಕ್ತವಾಗಿರಲಿ, ಬೆಳಕು ಇಳಿಯುತ್ತಿರಲಿ, ಚೀಟಿ ಕಟ್ಟದ ಮಾಂಸ ಕಳ್ಳಮಾಲು. ಈ ಚೀಟಿಯೇ ಟ್ಯಾಗ್. ಒಂದು ಟ್ಯಾಗ್‌ಗೆ ಒಂದೇ ಪ್ರಾಣಿ.

ಎಲ್ಕ್ ನಮ್ಮ ಕಡವೆಯ ಬಳಗದ್ದು. ಬಲಿತ ಗಂಡು ಮುನ್ನೂರು ಕಿಲೊ ಮೀರಿ ತೂಗುತ್ತದೆ. ಅದನ್ನು ಬೇಟೆಯಾಡುವ ಟ್ಯಾಗ್‌ಗೆ ವಯೋಮಿಂಗ್ ನಿವಾಸಿ ಕೊಡುವುದು 57 ಡಾಲರ್. ಪಕ್ಕದ ನೆಬ್ರಾಸ್ಕಾದಿಂದ ಬಂದವನು ಅದಕ್ಕೇ 692 ಡಾಲರ್ ಕೊಡಬೇಕು. ಟ್ಯಾಗ್ ಹಂಚುವ ಲಾಟರಿಯಲ್ಲಿ ತನ್ನ ಹೆಸರು ಏಳುವ ಸಾಧ್ಯತೆ ಹೆಚ್ಚಲಿ ಎಂದು ಆತ ‘ಸ್ಪೆಷಲ್’ ಸಾಲಿಗೆ ಸೇರಿಕೊಂಡರೆ 1,950 ಡಾಲರ್, ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ಬೆಟ್ಟ, ಪ್ರಾಣಿ, ಚೀಟಿ ಯಾವುದೂ ಬದಲಾಗುವುದಿಲ್ಲ. ಬೆಲೆ ಮಾತ್ರ ಮೂವತ್ತನಾಲ್ಕು ಪಟ್ಟು.

ಮಕ್ಕಳನ್ನು ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಕಳಿಸಿದ ಕನ್ನಡದ ಅಪ್ಪ ಅಮ್ಮಂದಿರಿಗೆ ‘ಔಟ್ ಆಫ್ ಸ್ಟೇಟ್’ ಫೀಸಿನ ಬಿಸಿ ಗೊತ್ತು. ಹಂಪಿಯ ವಿಜಯವಿಠ್ಠಲ ದೇವಾಲಯದ ಟಿಕೆಟ್ ಕಿಟಕಿಯಲ್ಲೂ ನಮಗೊಂದು ದರ, ವಿದೇಶಿಯರಿಗೊಂದು ದರ. ಊರಿನವನಿಗೆ ಕಡಿಮೆ, ಹೊರಗಿನವನಿಗೆ ಹೆಚ್ಚು ಎನ್ನುವುದು ಹೊಸ ಮಾತೇನಲ್ಲ. ಆದರೆ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಈ ಅಂತರ ಹೋದ ಕೆಲವು ವರ್ಷಗಳಲ್ಲಿ ಹಿಗ್ಗಿರುವ ರೀತಿ ನೋಡಿದರೆ, ದರಪಟ್ಟಿಗಿಂತ ದೊಡ್ಡದೊಂದು ಪ್ರಶ್ನೆ ಏಳುತ್ತದೆ. ಆ ಪ್ರಾಣಿ ಯಾರದ್ದು?

ಕಾನೂನಿನ ಉತ್ತರ ಸ್ಪಷ್ಟವಾಗಿದೆ. ಅಮೆರಿಕದಲ್ಲಿ ಕಾಡುಪ್ರಾಣಿ ಭೂಮಾಲೀಕನ ಸೊತ್ತಲ್ಲ. ಜನರ ಪರವಾಗಿ ರಾಜ್ಯ ಸರ್ಕಾರ ಅದನ್ನು ನೋಡಿಕೊಳ್ಳುತ್ತದೆ. ಈ ವ್ಯವಸ್ಥೆ ಹುಟ್ಟಿದ್ದು ದೊಡ್ಡದೊಂದು ನಷ್ಟದ ನಂತರ. 20ನೇ ಶತಮಾನ ಶುರುವಾಗುವ ಹೊತ್ತಿಗೆ, ಮಾರುಕಟ್ಟೆಗಾಗಿ ಕೊಂದು ಕೊಂದು, ಎಲ್ಕ್‌ಗಳ ಸಂಖ್ಯೆ ಒಂದು ಲಕ್ಷಕ್ಕಿಂತ ಕೆಳಗಿಳಿದಿತ್ತು. ಈಗ ಸುಮಾರು ಹತ್ತು ಲಕ್ಷ ಇವೆ. ಇದಕ್ಕೆ ಹಣ ಕೊಟ್ಟವರಲ್ಲಿ ಬೇಟೆಗಾರರೇ ಮುಖ್ಯರು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು ಮತ್ತು ಮದ್ದುಗುಂಡುಗಳ ಮೇಲೆ ಶೇ. 10-11 ತೆರಿಗೆ ಬೀಳುತ್ತದೆ, ಆ ಹಣ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಮಿಕ್ಕದ್ದು ಹೆಚ್ಚಾಗಿ ಲೈಸೆನ್ಸ್ ಹಣ. 1972ರ ವನ್ಯಜೀವಿ ಕಾಯ್ದೆಯೊಂದಿಗೆ ಶಿಕಾರಿಯ ಕಾಲವನ್ನು ಹಿಂದೆ ಬಿಟ್ಟುಬಂದ ನಮಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಅಲ್ಲಿ ಪಹರೆ ಜೀಪಿನ ಡೀಸೆಲ್ಲೂ ಜಿಂಕೆ ಎಣಿಸುವವರ ಸಂಬಳವೂ ಬಹುಪಾಲು ಬೇಟೆಗಾರರ ಜೇಬಿನಿಂದಲೇ ಬರುತ್ತವೆ. ವಯೋಮಿಂಗ್‌ನಂಥ ಕಡೆ ಲೈಸೆನ್ಸ್ ಆದಾಯದ ಸಿಂಹಪಾಲು ಹೊರರಾಜ್ಯದವರದ್ದು.

ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 1976ರಲ್ಲಿ ಮೊಂಟಾನದ ನಿವಾಸಿ 9 ಡಾಲರಿಗೆ ಎಲ್ಕ್ ಲೈಸೆನ್ಸ್ ಪಡೆಯುತ್ತಿದ್ದ. ಹೊರಗಿನವನಿಗೆ ಎಲ್ಕ್ ಒಂದನ್ನೇ ಕೊಡುತ್ತಿರಲಿಲ್ಲ. ಜಿಂಕೆ, ಕರಡಿ, ಹಕ್ಕಿ, ಮೀನು ಎಲ್ಲ ಸೇರಿದ 225 ಡಾಲರಿನ ಕಟ್ಟನ್ನೇ ಕೊಳ್ಳಬೇಕಿತ್ತು. ಮೊಂಟಾನದ ಬಾಲ್ಡ್‌ವಿನ್ ಎಂಬ ಔಟ್‌ಫಿಟ್ಟರ್, ಅಂದರೆ ಬೇಟೆಗೆ ಕರೆದೊಯ್ಯುವ ಗುತ್ತಿಗೆದಾರ, ಮತ್ತು ಮಿನೆಸೋಟದ ಕೆಲವು ಬೇಟೆಗಾರರು ಇದನ್ನು ಪ್ರಶ್ನಿಸಿದರು. 1978ರಲ್ಲಿ ಬಾಲ್ಡ್‌ವಿನ್ ಪ್ರಕರಣದ ತೀರ್ಪು 6-3ರಲ್ಲಿ ಮೊಂಟಾನದ ಪರವಾಗಿ ಬಂತು. ಎಲ್ಕ್ ಬೇಟೆ ಒಂದು ವಿನೋದ, ಜೀವನೋಪಾಯವಲ್ಲ, ಹಾಗಾಗಿ ಎಲ್ಲ ರಾಜ್ಯಗಳ ಪ್ರಜೆಗಳನ್ನೂ ಸಮಾನವಾಗಿ ಕಾಣಬೇಕೆಂಬ ಸಂವಿಧಾನದ ವಿಧಿ ಇದಕ್ಕೆ ಅನ್ವಯಿಸದು ಎಂದು ಬಹುಮತದ ಪರವಾಗಿ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಬರೆದರು. ನ್ಯಾಯಮೂರ್ತಿ ಬ್ರೆನ್ನನ್ ಒಪ್ಪದೆ ಭಿನ್ನಮತ ದಾಖಲಿಸಿದರು.

ಆ 225 ಡಾಲರ್ ಇವತ್ತಿನ ಲೆಕ್ಕದಲ್ಲಿ 1,200 ಡಾಲರಿಗೂ ಹೆಚ್ಚು ಎಂಬುದನ್ನು ಮರೆಯಬಾರದು. ಹೊರಗಿನವನಿಗೆ ಎಲ್ಕ್ ಅಗ್ಗವಾಗಿದ್ದ ಕಾಲವೊಂದಿತ್ತು ಎಂಬ ಹಳಹಳಿಕೆಗೆ ಹೆಚ್ಚಿನ ಆಧಾರವಿಲ್ಲ.

2002ರಲ್ಲಿ ಗಾಳಿ ತಿರುಗಿದಂತೆ ಕಂಡಿತು. ಕೆಲವು ಪ್ರಾಣಿಗಳ ಟ್ಯಾಗ್‌ಗಳಲ್ಲಿ ಹೊರಗಿನವರಿಗೆ ಶೇ. 10ಕ್ಕಿಂತ ಹೆಚ್ಚು ಸಿಗಬಾರದೆಂಬ ಆರಿಜೋನಾದ ನಿಯಮ ಅಂತರರಾಜ್ಯ ವ್ಯಾಪಾರಕ್ಕೆ ಅಡ್ಡಿಯಾಗುತ್ತದೆ, ಅದನ್ನು ಕಟ್ಟುನಿಟ್ಟಾಗಿ ಪರಿಶೀಲಿಸಬೇಕು ಎಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು. ಪಶ್ಚಿಮದ ರಾಜ್ಯಗಳು ಬೆಚ್ಚಿಬಿದ್ದವು. ನೆವಾಡದ ಸೆನೆಟರ್ ಹ್ಯಾರಿ ರೀಡ್ ಮುಂದೆ ನಿಂತು, ಹೊರಗಿನವರಿಗೆ ಬೇರೆ ದರ, ಬೇರೆ ಪಾಲು ನಿಗದಿ ಮಾಡುವ ಹಕ್ಕು ರಾಜ್ಯಗಳದ್ದೇ ಎಂದು 2005ರಲ್ಲಿ ಕಾಂಗ್ರೆಸ್ಸಿನಿಂದಲೇ ಕಾನೂನು ಮಾಡಿಸಿದರು. ಅದು ಪಾಸಾಗಿದ್ದು ಯುದ್ಧದ ಖರ್ಚು ಮತ್ತು ಸುನಾಮಿ ಪರಿಹಾರಕ್ಕೆಂದು ತಂದ ತುರ್ತು ಹಣಕಾಸು ಮಸೂದೆಯ ಒಳಗೆ ಸೇರಿಕೊಂಡು. ಕೋರ್ಟಿನ ದಾರಿ ಅಲ್ಲಿಗೆ ಬಹುಮಟ್ಟಿಗೆ ಮುಚ್ಚಿತು.

ಸ್ಥಳೀಯರ ಮಾತನ್ನೂ ಕೇಳಬೇಕು. ವಯೋಮಿಂಗ್‌ನ ಒಟ್ಟು ಜನಸಂಖ್ಯೆ ಆರು ಲಕ್ಷವೂ ಇಲ್ಲ, ನಮ್ಮ ಬಹುತೇಕ ಜಿಲ್ಲೆಗಳಿಗಿಂತ ಕಡಿಮೆ. ದೊಡ್ಡ ನಗರದ ಸಂಬಳ ಬಿಟ್ಟು ಅಲ್ಲೇ ಉಳಿದವರಿಗೆ ಎಲ್ಕ್ ಗೋಡೆಗೆ ನೇತುಹಾಕುವ ಕೊಂಬಷ್ಟೇ ಅಲ್ಲ, ಚಳಿಗಾಲಕ್ಕೆ ಫ್ರೀಜರ್ ತುಂಬುವ ಮಾಂಸ. ಬೇಲಿ ಮುರಿದು ದನದ ಹುಲ್ಲು ತಿಂದಾಗ ಸಹಿಸುವವರೂ ಅವರೇ. ಕೋವಿಡ್ ನಂತರ ಹೊರಗಿನಿಂದ ಬರುವ ಅರ್ಜಿಗಳ ಒತ್ತಡ ಹೆಚ್ಚಿತು. ಇತ್ತ ಪ್ರಾಣಿಗಳು ಹೆಚ್ಚಲಿಲ್ಲ. 2022-23ರ ಚಳಿಗಾಲದಲ್ಲಿ ಗಟ್ಟಿ ಹಿಮದಡಿ ಮೇವು ಸಿಗದೆ ವಯೋಮಿಂಗ್‌ನ ಮ್ಯೂಲ್ ಜಿಂಕೆಗಳೂ ಪ್ರಾಂಗ್‌ಹಾರ್ನ್‌ಗಳೂ ಹಿಂಡುಹಿಂಡಾಗಿ ಸತ್ತವು, ಇಲಾಖೆ ಸಾವಿರಾರು ಟ್ಯಾಗ್ ಕಡಿತ ಮಾಡಿತು. ಇರುವುದೇ ಇಷ್ಟು ಎಂದಾದಾಗ ಮನೆಯವರಿಗೆ ಮೊದಲು ಬಡಿಸುವುದು ತಪ್ಪಲ್ಲ. ಸೀಮಿತ ಟ್ಯಾಗ್‌ಗಳಲ್ಲಿ ಎಲ್ಕ್‌ಗೆ ಶೇ. 16, ಜಿಂಕೆಗೆ ಶೇ. 20 ಹೊರಗಿನವರಿಗೆ ಎಂದು ವಯೋಮಿಂಗ್ ಗೆರೆ ಎಳೆದಿರುವುದು ನ್ಯಾಯವಾಗಿಯೇ ಇದೆ. ಬಿಗ್‌ಹಾರ್ನ್ ಕುರಿ, ಮೂಸ್‌ಗಳಂಥ ಅಪರೂಪದ ಪ್ರಾಣಿಗಳಲ್ಲಿ ಈ ಪಾಲನ್ನು ಶೇ. 10ಕ್ಕೆ ಇಳಿಸಿದ್ದನ್ನೂ ಒಪ್ಪಬಹುದು.

ಒಪ್ಪಲಾಗದ್ದು ಆ ಶೇ. 16ರ ಒಳಗೆ ನಡೆಯುತ್ತಿರುವುದು. ಹೊರಗಿನವರ ಟ್ಯಾಗ್‌ಗಳಲ್ಲಿ ನೂರಕ್ಕೆ ನಲವತ್ತನ್ನು ‘ಸ್ಪೆಷಲ್’ ಎಂದು ಎತ್ತಿಡಲಾಗುತ್ತದೆ. ಆ ಸಾಲಿನಲ್ಲಿ ಸಿಗುವ ಟ್ಯಾಗ್‌ಗೆ ಹೆಚ್ಚಿನ ದಿನಗಳಿಲ್ಲ, ಬೇರೆ ಬೆಟ್ಟವಿಲ್ಲ, ದೊಡ್ಡ ಪ್ರಾಣಿಯ ಭರವಸೆಯೂ ಇಲ್ಲ. ಬೆಲೆ ಹೆಚ್ಚಾದ್ದರಿಂದ ನಿಲ್ಲುವವರು ಕಡಿಮೆ, ನಿಲ್ಲುವವರು ಕಡಿಮೆಯಾದ್ದರಿಂದ ಗೆಲ್ಲುವ ಸಾಧ್ಯತೆ ಹೆಚ್ಚು, ಇಷ್ಟೇ. 2023ರವರೆಗೆ 1,268 ಡಾಲರ್ ಇದ್ದ ಎಲ್ಕ್ ದರ 2024ರಿಂದ 1,950 ಆಯಿತು, 614 ಡಾಲರಿದ್ದ ಪ್ರಾಂಗ್‌ಹಾರ್ನ್ ದರ 1,200ಕ್ಕೆ ಜಿಗಿಯಿತು. ಲಾಟರಿಯ ಗೌರವವಿರುವುದೇ ಡಬ್ಬಿಯಲ್ಲಿ ಎಲ್ಲ ಚೀಟಿಗೂ ಒಂದೇ ತೂಕ ಎಂಬುದರಲ್ಲಿ. ಅಲ್ಲಿ ಅದೃಷ್ಟವನ್ನೇ ತೂಗಿ ಮಾರಿದರೆ ಉಳಿಯುವುದು ಲಾಟರಿಯಲ್ಲ.

ಇದರ ಮೇಲೆ ಪಾಯಿಂಟ್‌ಗಳ ಭಾರ. ಟ್ಯಾಗ್ ಸಿಗದ ವರ್ಷ ಎಲ್ಕ್‌ಗೆ 52 ಡಾಲರ್ ಕಟ್ಟಿ ಒಂದು ಪಾಯಿಂಟ್ ಕೊಂಡಿಟ್ಟುಕೊಳ್ಳಬಹುದು. ಹೊರಗಿನವರ ಎಲ್ಕ್ ಟ್ಯಾಗ್‌ಗಳಲ್ಲಿ ಮುಕ್ಕಾಲು ಪಾಲು ಹೆಚ್ಚು ಪಾಯಿಂಟ್ ಇರುವವರಿಗೆ ಹೋಗುತ್ತದೆ. 2006ರಲ್ಲಿ ಶುರುವಾದಾಗ ಇದು ತಾಳ್ಮೆಗೆ ಕೊಡುವ ಮರ್ಯಾದೆಯಂತಿತ್ತು. ಈಗ ಎಲ್ಲರೂ ಕೂಡಿಡುತ್ತಿದ್ದಾರೆ. ಐದು ಪಾಯಿಂಟ್ ಸೇರಿಸುವಷ್ಟರಲ್ಲಿ ಒಳ್ಳೆಯ ಜಾಗಕ್ಕೆ ಆರು ಬೇಕಾಗಿರುತ್ತದೆ, ಆರು ಸೇರಿಸಿದರೆ ಏಳು. ಬೇಟೆಗಾರರು ಇದಕ್ಕೆ ‘ಪಾಯಿಂಟ್ ಕ್ರೀಪ್’ ಎನ್ನುತ್ತಾರೆ. ಹತ್ತು ವರ್ಷದಲ್ಲಿ 520 ಡಾಲರ್ ಕಟ್ಟಿಯೂ ಬೆಟ್ಟ ಹತ್ತದವನಿಗೆ ಆ ಹಣ ವಾಪಸಿಲ್ಲ.

ಬೇರೆ ರಾಜ್ಯಗಳ ಕಥೆಯೂ ಹತ್ತಿರಹತ್ತಿರ ಇಂಥದೇ. ನ್ಯೂ ಮೆಕ್ಸಿಕೊದಲ್ಲಿ ಲಾಟರಿಯ ಶೇ. 84 ನಿವಾಸಿಗಳಿಗೆ, ಶೇ. 10 ಔಟ್‌ಫಿಟ್ಟರ್ ಜೊತೆ ಒಪ್ಪಂದ ಮಾಡಿಕೊಂಡವರಿಗೆ. ಗೈಡಿಗೆ ದುಡ್ಡು ಕೊಡಲಾಗದ ಹೊರಗಿನವನಿಗೆ ಉಳಿಯುವುದು ಶೇ. 6. ಎಲ್ಕ್ ಓಡಾಡುವ ಜಮೀನಿನ ಮಾಲೀಕರಿಗೆ ರಾಜ್ಯವೇ ಕೊಡುವ ಪರವಾನಗಿಗಳನ್ನು ಅವರು ಬಯಸಿದ ಬೆಲೆಗೆ ಮಾರಬಹುದು. ವಯೋಮಿಂಗ್‌ನ ಫೆಡರಲ್ ವನ್ಯ ಪ್ರದೇಶಗಳಲ್ಲಿ ಹೊರಗಿನವನು ಒಬ್ಬನೇ ನಡೆಯಬಹುದು, ಡೇರೆ ಹಾಕಿ ಮಲಗಬಹುದು. ದೊಡ್ಡ ಪ್ರಾಣಿಯ ಬೇಟೆಗೆ ಹೊರಟರೆ ಮಾತ್ರ ಗೈಡ್ ಅಥವಾ ಸ್ಥಳೀಯ ಜೊತೆಗಾರ ಕಡ್ಡಾಯ. ಸುರಕ್ಷತೆಗಾಗಿ ಈ ನಿಯಮ ಎನ್ನುವುದಾದರೆ ಬಂದೂಕಿಲ್ಲದೆ ಅಲೆಯುವವನಿಗೆ ಅದು ಯಾಕಿಲ್ಲ ಎಂಬುದಕ್ಕೆ ತೃಪ್ತಿಕರ ಉತ್ತರವಿಲ್ಲ.

ಮೊಂಟಾನದ ಜನ 2010ರಲ್ಲಿ ಒಂದು ದಿಟ್ಟ ಕೆಲಸ ಮಾಡಿದರು. ಔಟ್‌ಫಿಟ್ಟರ್‌ಗಳ ಗಿರಾಕಿಗಳಿಗೆ ಖಾತ್ರಿಯಾಗಿ ಎತ್ತಿಡುತ್ತಿದ್ದ ಟ್ಯಾಗ್‌ಗಳನ್ನು ಮತ ಹಾಕಿ ರದ್ದುಮಾಡಿ, ಹೊರಗಿನವರೆಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರು. ಆದರೆ ಅದೇ ಮತದಲ್ಲಿ ದೊಡ್ಡ ಬೇಟೆಯ ಸಂಯುಕ್ತ ಲೈಸೆನ್ಸ್‌ನ ದರವೂ 628 ಡಾಲರಿನಿಂದ 897ಕ್ಕೆ ಏರಿತು. ಮರುವರ್ಷ, ಆರ್ಥಿಕ ಹಿಂಜರಿತದ ಪೆಟ್ಟು ಇನ್ನೂ ಮಾಯದ ಕಾಲ, ಬೇಡಿಕೆ ಕುಸಿದು ಲೈಸೆನ್ಸ್‌ಗಳು ಮಾರಾಟವಾಗದೆ ಉಳಿದವು.

ಐಡಹೊದಲ್ಲಿ ಬೆಲೆಗಿಂತ ಸಾಲೇ ಸುದ್ದಿಯಾಯಿತು. ಅಲ್ಲಿ ಹೊರಗಿನವರ ಸಾಮಾನ್ಯ ಟ್ಯಾಗ್‌ಗಳಿಗೆ ಲಾಟರಿ ಇರಲಿಲ್ಲ, ಮೊದಲು ಬಂದವರಿಗೆ ಮೊದಲು. ಡಿಸೆಂಬರ್ 1ರ ಬೆಳಗ್ಗೆ ದೇಶದ ಮೂಲೆಮೂಲೆಯಲ್ಲಿ ಬೇಟೆಗಾರರು ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಮಾರಾಟ ಶುರುವಾದ ಕ್ಷಣ ಪರದೆಯ ಮೇಲೆ ಒಂದು ಸಂಖ್ಯೆ ಮೂಡುತ್ತಿತ್ತು, ಸಾಲಿನಲ್ಲಿ ನಿಮ್ಮ ಮುಂದೆ ಇಷ್ಟು ಸಾವಿರ ಜನ ಎಂದು. ನಮ್ಮಲ್ಲಿ ತತ್ಕಾಲ್ ಟಿಕೆಟ್‌ಗಾಗಿ ಒದ್ದಾಡಿದವರಿಗೆ ಆ ಗಳಿಗೆಯ ಎದೆಬಡಿತ ಹೇಳಿಕೊಡಬೇಕಿಲ್ಲ. ಹೊರಗಿನವರ ಎಲ್ಕ್ ಟ್ಯಾಗ್ ದರ 416.75 ಡಾಲರಿನಿಂದ 651.75ಕ್ಕೆ ಏರಿದ ಮೇಲೂ ಸಾಲು ಕರಗಲಿಲ್ಲ. ಕೊನೆಗೆ ಐಡಹೊ 2026ರ ಬೇಟೆಗೆ ಲಾಟರಿಗೆ ಹೊರಳಿತು. ಇದು ಸರಿಯಾದ ಹೆಜ್ಜೆ. ವೇಗದ ಇಂಟರ್ನೆಟ್, ಬೆಳಗಿನ ರಜೆ, ನಾಲ್ಕು ಫೋನು ಇರುವವನಿಗೂ ಗೋದಾಮಿನಲ್ಲಿ ಶಿಫ್ಟ್ ಮಾಡುವವನಿಗೂ ಈಗ ಒಂದೇ ಅವಕಾಶ.

ಹೊರಗಿನವನು ಮುಂದಿಡುವ ವಾದದಲ್ಲಿ ಭಾರವಾದದ್ದು ನೆಲದ ಮಾತು. ಪ್ರಾಣಿ ರಾಜ್ಯದ್ದಿರಬಹುದು, ಅದು ಮೇಯುವ ಕಾಡು ಹೆಚ್ಚಾಗಿ ದೇಶದ್ದು. ವಯೋಮಿಂಗ್‌ನ ಹೆಚ್ಚುಕಡಿಮೆ ಅರ್ಧ, ನೆವಾಡದ ಸುಮಾರು ಶೇ. 80 ನೆಲ ಫೆಡರಲ್ ಸರ್ಕಾರದ್ದು. ವಯೋಮಿಂಗ್‌ನ ಜ್ಯಾಕ್ಸನ್ ಬಳಿ ಎಲ್ಕ್‌ಗಳು ಚಳಿಗಾಲ ಕಳೆಯುವ ಹುಲ್ಲುಗಾವಲನ್ನು 1912ರಿಂದ ಕಾಯ್ದಿಟ್ಟಿರುವುದೂ ದೇಶದ ಹಣವೇ. ಓಹಾಯೊದ ಬಡಗಿಯ ತೆರಿಗೆಯೂ ಅದರಲ್ಲಿದೆ.

ಆ ನೆಲದ ಮೇಲೆ 2025ರಲ್ಲಿ ಕಣ್ಣು ಬಿತ್ತು. ಯೂಟಾದ ಸೆನೆಟರ್ ಮೈಕ್ ಲೀ, ಪಶ್ಚಿಮ ರಾಜ್ಯಗಳ ಲಕ್ಷಾಂತರ ಎಕರೆ ಸಾರ್ವಜನಿಕ ಭೂಮಿಯನ್ನು ಮಾರುವ ಪ್ರಸ್ತಾವವನ್ನು ದೊಡ್ಡದೊಂದು ಬಜೆಟ್ ಮಸೂದೆಯಲ್ಲಿ ಸೇರಿಸಲು ಹೊರಟರು. ಬೇಟೆಗಾರರು, ಗಾಳ ಹಾಕುವವರು, ಚಾರಣಿಗರು ಪಕ್ಷಭೇದ ಮರೆತು ತಿರುಗಿಬಿದ್ದರು. ಜೂನ್ ಕೊನೆಗೆ ಲೀ ಪ್ರಸ್ತಾವ ಹಿಂದಕ್ಕೆ ಪಡೆದರು. ಆರು ಲಕ್ಷ ಜನರೂ ಇಲ್ಲದ ವಯೋಮಿಂಗ್‌ಗೆ ಸೆನೆಟ್‌ನಲ್ಲಿರುವುದು ಎರಡೇ ಮತ. ಉಳಿದ ಮತಗಳ ಕಿವಿ ಹಿಂಡುವವರು ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾದಲ್ಲಿದ್ದಾರೆ. ಎಂದೋ ಒಮ್ಮೆ ಆ ಬೆಟ್ಟದಲ್ಲಿ ಎಲ್ಕ್ ಕೂಗು ಕೇಳಿ ಬಂದವರು, ಇಲ್ಲವೇ ನಿವೃತ್ತಿಯ ಮುನ್ನ ಒಮ್ಮೆಯಾದರೂ ಹೋಗಬೇಕು ಎಂದು ಪಾಯಿಂಟ್ ಕೂಡಿಡುತ್ತಿರುವವರು ಅವರಲ್ಲಿದ್ದಾರೆ. ಹಣವಂತರಲ್ಲದ ಇಂಥವರನ್ನು ದರಪಟ್ಟಿಯಿಂದಲೇ ಹೊರಗಟ್ಟಿದರೆ, ಮುಂದಿನ ಸಲ ಭೂಮಿ ಹರಾಜಿಗೆ ಬಂದಾಗ ಅವರು ತಮ್ಮ ಸೆನೆಟರ್‌ಗೆ ಯಾವ ಋಣಕ್ಕೆ ಫೋನ್ ಮಾಡಬೇಕು?

ವಯೋಮಿಂಗ್‌ಗೆ ಹೊರಗಿನವರ ಎಲ್ಕ್ ಅರ್ಜಿ ತುಂಬುವ ಗಡುವು ಫೆಬ್ರವರಿಯ ಆರಂಭದಲ್ಲಿ. ಆಗಿನ್ನೂ ಬೆಟ್ಟಗಳು ಹಿಮದಡಿ ಇರುತ್ತವೆ, ಎಲ್ಕ್‌ಗಳು ತಪ್ಪಲಿಗೆ ಇಳಿದಿರುತ್ತವೆ. ಅರ್ಜಿದಾರ ಬೇಟೆಯ ಪ್ರದೇಶದ ಸಂಖ್ಯೆ ತುಂಬಿ, ತನ್ನ ಪಾಯಿಂಟ್‌ಗಳನ್ನು ಎಣಿಸಿಕೊಂಡು, ಎರಡು ದರಗಳ ಮುಂದೆ ಬಂದು ನಿಲ್ಲುತ್ತಾನೆ. ಒಂದು 692. ಇನ್ನೊಂದು 1,950.